ಕಕ್ಕಡದ ಮಳೆ, ಕಲಕಿದ ಮನ

ಕೊಡಗಿನ ಹಳೆಯ ಕಾಫಿ ತೋಟದ ಮನೆಗಳಲ್ಲಿ ಮಳೆಯ ಲೆಕ್ಕದ ಪುಸ್ತಕವೊಂದನ್ನು ಇಟ್ಟಿರುವುದು ವಾಡಿಕೆ. ಕಣದ ಬಯಲಿನಲ್ಲಿ ನೆಟ್ಟ ಮಾಪಕದ ನೀರನ್ನು ಪ್ರತಿದಿನ ಬೆಳಗ್ಗೆ ಅಳೆದು, ಇಷ್ಟು ಇಂಚು, ಇಷ್ಟು ಸೆಂಟು ಎಂದು ಅದರಲ್ಲಿ ಬರೆದಿಡುತ್ತಾರೆ. ಸರ್ಕಾರದ ಲೆಕ್ಕಕ್ಕೆ ಮಿಲಿಮೀಟರು ಬಂದು ದಶಕಗಳೇ ಉರುಳಿದ್ದರೂ ಕೊಡಗಿನವರ ಬಾಯಲ್ಲಿ ಮಳೆ ಇಂದಿಗೂ ಇಂಚಿನಲ್ಲಿಯೇ ಬೀಳುತ್ತದೆ. ಸಂತೆಯಲ್ಲಿ ಇಬ್ಬರು ಬೆಳೆಗಾರರು ಎದುರಾದರೆ, ಮನೆಯ ಕ್ಷೇಮ ವಿಚಾರಿಸುವುದಕ್ಕೂ ಮೊದಲು, "ನಿಮ್ಮಲ್ಲಿ ಎಷ್ಟು ಇಂಚಾಯಿತು?" ಎಂಬ ಪ್ರಶ್ನೆ ಬರುತ್ತದೆ. ಹೆಚ್ಚು ಮಳೆ ಬಿದ್ದ ಊರಿನವನು ಕೊಡುವ ಉತ್ತರದಲ್ಲಿ ಕೊಂಚ ಹೆಮ್ಮೆಯೂ ಬೆರೆತಿರುತ್ತಿತ್ತು. ತನ್ನೂರಿನ ಮಳೆ ಎಂದರೆ ತನ್ನದೇ ಆಸ್ತಿ ಎಂಬಂತಹ ಹೆಮ್ಮೆ ಅದು.

2018ರ ಆಗಸ್ಟ್ ತಿಂಗಳ ಬಳಿಕ ಆ ಪ್ರಶ್ನೆಯ ದನಿಯೇ ಬೇರೆಯಾಯಿತು.

ಭೂಮಂಡಲದ ವಾಯುಗುಣ ಬದಲಾಗುತ್ತಿದೆಯೆಂಬ ಮಾತು ಈಗ ಯಾರಿಗೂ ಹೊಸತಲ್ಲ. ಕರಗುವ ಹಿಮ, ಏರುವ ಕಡಲು, ಒಣಗುವ ಬೆಳೆ ಇವುಗಳ ವರದಿಗಳು ದಿನನಿತ್ಯವೂ ಕಣ್ಣಿಗೆ ಬೀಳುತ್ತವೆ. ಆದರೆ ಈ ಬದಲಾವಣೆ ಮನುಷ್ಯನ ಮನಸ್ಸಿನೊಳಗೆ ಏನು ಮಾಡುತ್ತದೆಂಬ ವಿಚಾರವನ್ನು ಲೋಕ ಗಮನಿಸಿದ್ದು ಬಲು ತಡವಾಗಿ. ವಾಯುಗುಣವನ್ನು ಕುರಿತ ಅಂತರಸರ್ಕಾರಿ ಸಮಿತಿಯು 2022ರಲ್ಲಿ ಪ್ರಕಟಿಸಿದ ತನ್ನ ಆರನೆಯ ವರದಿಯಲ್ಲಿ, ಅಧ್ಯಯನಕ್ಕೆ ಒಳಪಟ್ಟ ಪ್ರದೇಶಗಳಲ್ಲೆಲ್ಲ ಜನರ ಮಾನಸಿಕ ಆರೋಗ್ಯಕ್ಕೂ ಇದರಿಂದ ಹಾನಿಯಾಗಿದೆಯೆಂದು ಖಚಿತವಾದ ಮಾತುಗಳಲ್ಲಿ ಸಾರಿತು. ವರದಿಯ ಭಾಷೆ ಒಣಭಾಷೆ. ಅದರ ಅರ್ಥವೇನೆಂದು ತಿಳಿಯಬೇಕಾದರೆ ಮಡಿಕೇರಿಯ ಸುತ್ತಣ ಬೆಟ್ಟಗಳ ಕಡೆಗೆ ನೋಡಬೇಕು.

ಮಳೆಯೇ ಪಂಚಾಂಗ

ಕೊಡವರ ತಿಂಗಳುಗಳಲ್ಲಿ ಕಕ್ಕಡವೆಂಬುದು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ತಿಂಗಳು. ಪುಷ್ಯ, ಆಶ್ಲೇಷಾ ಮಳೆಗಳ ಕಾಲ. ಹಗಲಿರುಳೆನ್ನದೆ ಸುರಿಯುವ ಮಳೆಯಲ್ಲಿ ಗದ್ದೆಯ ನಾಟಿ ಸಾಗುತ್ತದೆ. ಈ ತಿಂಗಳಲ್ಲಿ ಮದುವೆ ಮುಂಜಿಗಳಿಲ್ಲ. ಕಂಬಳಿ ಕೊಪ್ಪೆ ಹೊದ್ದು ಕೆಸರಿನಲ್ಲಿ ದುಡಿದು ಬಂದವರಿಗೆ ಒಲೆಯ ಬೆಂಕಿಯೇ ಹಬ್ಬ. ಕಣಿಲೆ, ಅಣಬೆ, ಗದ್ದೆಯ ಏಡಿ ಇವೇ ಆ ಕಾಲದ ರುಚಿಗಳು. ಕಕ್ಕಡದ ಹದಿನೆಂಟನೆಯ ದಿನ ಮದ್ದುಸೊಪ್ಪಿನ ರಸದಿಂದ ನೇರಿಳೆ ಬಣ್ಣದ ಪಾಯಸ ಮಾಡಿ ಉಣ್ಣುತ್ತಾರೆ. ಆ ಗಿಡದಲ್ಲಿ ಅಂದು ಹದಿನೆಂಟು ಬಗೆಯ ಔಷಧಗಳು ಕೂಡಿರುತ್ತವೆಂಬುದು ನಂಬಿಕೆ. ನಾಟಿ ಮುಗಿದ ಮೇಲೆ ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್, ತುಲಾ ಸಂಕ್ರಮಣದಂದು ಕಾವೇರಿಯ ತೀರ್ಥೋದ್ಭವ, ತೆನೆ ಬಲಿತಾಗ ಪುತ್ತರಿ. ಹೀಗೆ ಈ ನಾಡಿನ ಹಬ್ಬಗಳೆಲ್ಲವೂ ಮಳೆಯೆಂಬ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳು. ಕೊಡವರಷ್ಟೇ ಅಲ್ಲ, ಅರೆಭಾಷೆಯ ಗೌಡರು, ಯರವರು, ಕುಡಿಯರು, ಘಟ್ಟದ ಕೆಳಗಿನಿಂದಲೂ ಕೇರಳದಿಂದಲೂ ಬಂದು ತೋಟದ ಲೈನ್ ಮನೆಗಳಲ್ಲಿ ನೆಲೆಸಿದ ಕೂಲಿಗಳು, ಎಲ್ಲರ ಬಾಳಿಗೂ ಈ ಮಳೆಯೇ ಪಂಚಾಂಗ.

2018ರ ಕಕ್ಕಡ ಮುಗಿಯುವ ಹೊತ್ತಿಗೆ, ಆಗಸ್ಟ್ 15ರಿಂದ 17ರವರೆಗಿನ ದಿನಗಳಲ್ಲಿ, ಆ ಪಂಚಾಂಗ ಹರಿದುಹೋಯಿತು. ತಿಂಗಳುಗಟ್ಟಲೆ ನೀರು ಕುಡಿದು ತಣಿದಿದ್ದ ಬೆಟ್ಟಗಳ ಮೇಲೆ ಮತ್ತೆ ಮಳೆ ಮುರಿದುಬಿತ್ತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಕಾಲೂರು ಮೊದಲಾದ ಊರುಗಳಲ್ಲಿ ಗುಡ್ಡಗಳು ಜರಿದವು. ಭೂವಿಜ್ಞಾನಿಗಳು ಆಮೇಲೆ ಲೆಕ್ಕ ಹಾಕಿದಾಗ 100ಕ್ಕೂ ಹೆಚ್ಚು ಕಡೆ ನೆಲ ಕುಸಿದಿತ್ತು. ಸುಮಾರು 20 ಮಂದಿ ಸತ್ತರು. ಸಾವಿರಾರು ಜನ ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಗಳನ್ನು ಸೇರಿದರು. ಮನೆ ಹೋದವರಿದ್ದರು, ಮನೆ ಉಳಿದೂ ಅದು ನಿಂತ ನೆಲ ಬಿರುಕುಬಿಟ್ಟದ್ದರಿಂದ ಹಿಂದಿರುಗಲಾರದವರೂ ಇದ್ದರು. ಕಾಫಿ, ಮೆಣಸು, ಏಲಕ್ಕಿ ತೋಟಗಳು ಬೇರುಸಹಿತ ಕಣಿವೆಗೆ ಇಳಿದುಹೋಗಿದ್ದವು. ತೋಟ ಸುಟ್ಟರೆ ನೆಲವಾದರೂ ಉಳಿಯುತ್ತದೆ. ಇಲ್ಲಿ ಪಹಣಿಯಲ್ಲಿ ಮಾತ್ರ ಉಳಿದ ಎಕರೆಗಳನ್ನು ಯಾರೂ ಹುಡುಕಿ ತೋರಿಸುವಂತಿರಲಿಲ್ಲ.

ಎಲ್ಲ ಅಪರಾಧವನ್ನೂ ಆಕಾಶದ ಮೇಲೆ ಹೊರಿಸುವುದು ನ್ಯಾಯವಲ್ಲ. ರಸ್ತೆಗೆಂದು, ಮನೆಗೆಂದು, ಪ್ರವಾಸಿಗರ ವಸತಿಗೆಂದು ಇಳಿಜಾರುಗಳನ್ನು ನೆಟ್ಟಗೆ ಕಡಿದದ್ದು, ನೀರು ಹರಿಯುವ ದಾರಿಗಳನ್ನು ಮುಚ್ಚಿದ್ದು ಈ ಅನಾಹುತಕ್ಕೆ ದೊಡ್ಡ ಕಾರಣಗಳೆಂದು ತಜ್ಞರು ಅಂದೇ ಹೇಳಿದರು. ಆದರೆ ಅಂತಹ ಬೆಟ್ಟದ ಮೇಲೆ ಬೀಳುವ ಮಳೆಯ ಸ್ವಭಾವವೂ ಬದಲಾಗುತ್ತಿದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಾದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ತೇವವನ್ನು ಹೊರಬಲ್ಲದು. ಹೊತ್ತದ್ದನ್ನು ಒಮ್ಮೆಗೇ ಇಳಿಸಿದಾಗ ಮಳೆ ಮಳೆಯಾಗಿ ಉಳಿಯುವುದಿಲ್ಲ. ಪುಣೆಯ ಹವಾಮಾನ ವಿಜ್ಞಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದಂತೆ, ಮಧ್ಯ ಭಾರತದಲ್ಲಿ 1950ರಿಂದ 2015ರ ನಡುವೆ ವಿಸ್ತಾರವಾದ ಪ್ರದೇಶದ ಮೇಲೆ ಒಮ್ಮೆಗೇ ಸುರಿಯುವ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾಗಿವೆ. ಮುಂಗಾರಿನ ಒಟ್ಟು ಮಳೆ ಮಾತ್ರ ಕ್ಷೀಣಿಸಿದೆ. 2024ರ ಜುಲೈ 30ರ ನಸುಕಿನಲ್ಲಿ ಕೊಡಗಿನ ನೆರೆಯ ವಯನಾಡಿನ ಮುಂಡಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದವಲ್ಲ, ಅದಕ್ಕೆ ಕಾರಣವಾದ ಒಂದೇ ದಿನದ 140 ಮಿ.ಮೀ.ಗೂ ಹೆಚ್ಚಿನ ಮಳೆಯು ವಾಯುಗುಣದ ಬದಲಾವಣೆಯಿಂದಾಗಿ ಸುಮಾರು ಶೇ. 10ರಷ್ಟು ಬಿರುಸಾಗಿತ್ತೆಂದು ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿತು. ಹತ್ತರಲ್ಲೊಂದು ಪಾಲು ತಾನೇ ಎನ್ನಬಹುದು. ತುಂಬಿದ ಕೊಡಕ್ಕೆ ಕೊನೆಯ ತಂಬಿಗೆಯೇ ಮುಖ್ಯ.

ಹೆಂಚಿನ ಮೇಲಣ ಸದ್ದು

ದುರಂತದ ಮೊದಲ ವಾರಗಳಲ್ಲಿ ಮನಸ್ಸಿನ ಗಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಅಕ್ಕಿ, ಬಟ್ಟೆ, ಕಂಬಳಿಗಳು ಲಾರಿಗಟ್ಟಲೆ ಬರುತ್ತವೆ. ಮಂತ್ರಿಗಳು, ಸ್ವಯಂಸೇವಕರು, ಪತ್ರಕರ್ತರು ಬರುತ್ತಾರೆ. ನೂರಾರು ಜನ ಒಂದೇ ಚಾವಣಿಯಡಿ ಮಲಗುವಾಗ ಅಳುವವನಿಗೂ ಸಂಗಾತಿಗಳಿರುತ್ತಾರೆ. ಬಂದವರು ಹೊರಟುಹೋದ ಮೇಲೆ, ಅರ್ಜಿ, ಪಹಣಿ, ಆಧಾರ್ ಚೀಟಿಗಳ ನಕಲುಗಳನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವ ಕಾಲ ಬರುತ್ತದೆ. ಮನಸ್ಸು ಸೋಲುವುದು ಆಗ.

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು 2005ರಲ್ಲಿ ಕತ್ರೀನಾ ಚಂಡಮಾರುತ ಮುಳುಗಿಸಿದಾಗ ಅಲ್ಲಿನ ಮನೋವಿಜ್ಞಾನಿಗಳು ಸಂತ್ರಸ್ತರನ್ನು ಮತ್ತೆ ಮತ್ತೆ ಭೇಟಿಯಾಗಿ ವಿಚಾರಿಸಿದರು. ಕಾಲ ಕಳೆದಂತೆ ಬೇನೆ ತಗ್ಗೀತೆಂಬುದು ಅವರ ನಿರೀಕ್ಷೆ. ವರ್ಷ ಕಳೆದ ಮೇಲೆ ನೋಡಿದರೆ ಅದು ಏರಿತ್ತು. ಮನೆ ಕಟ್ಟಿರಲಿಲ್ಲ, ಕೆಲಸ ಸಿಕ್ಕಿರಲಿಲ್ಲ. ಬಿರುಗಾಳಿ ನಿಂತಿದ್ದರೂ ಅದು ತಂದ ಸಂಕಟ ನಿಂತಿರಲಿಲ್ಲ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಕಷ್ಟವೂ ಸೇರಿತು. ರಸ್ತೆಯ ಅಪಘಾತದಲ್ಲಿ ಬದುಕಿ ಉಳಿದವನು ಕೆಲಕಾಲ ಆ ರಸ್ತೆಯನ್ನು ಬಿಟ್ಟು ನಡೆಯಬಹುದು. ಮಳೆಯನ್ನು ಬಿಟ್ಟು ನಡೆಯುವುದು ಹೇಗೆ? ಅದು ವರ್ಷ ವರ್ಷವೂ ಜೂನ್‌ನಲ್ಲಿ ಮನೆಯ ಬಾಗಿಲಿಗೇ ಬರುತ್ತದೆ. ಭಯದ ನೆನಪುಗಳನ್ನು ಕಾಯ್ದಿಡುವ ಕೆಲಸದಲ್ಲಿ ಮಿದುಳಿನ ಬಾದಾಮಿಯಾಕಾರದ ಪುಟ್ಟದೊಂದು ಭಾಗಕ್ಕೆ ದೊಡ್ಡ ಪಾಲಿದೆ. ಅಮಿಗ್ಡಲ ಎಂದು ಅದರ ಹೆಸರು. ಅಪಾಯದ ಹೊತ್ತಿನಲ್ಲಿ ಕಿವಿಗೆ ಬಿದ್ದ ಸದ್ದು, ಮೂಗಿಗೆ ಬಡಿದ ವಾಸನೆಗಳೆಲ್ಲ ಅಲ್ಲಿ ಅಪಾಯದೊಡನೆಯೇ ಗಂಟುಬೀಳುತ್ತವೆ. ಮತ್ತೆ ಆ ಸದ್ದು ಕೇಳಿಬಂದರೆ ಸಾಕು, ಬುದ್ಧಿ ವಿಚಾರಿಸುವ ಮೊದಲೇ ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಹಸಿಮಣ್ಣಿನ ವಾಸನೆ, ಹೆಂಚಿನ ಮೇಲೆ ಮಳೆಯ ಸದ್ದು, ದೂರದಲ್ಲಿ ಮರ ಮುರಿಯುವ ಶಬ್ದ ಇವು ಇಂತಹ ಗಂಟುಗಳು. ಮಳೆಯ ರಾತ್ರಿಗಳಲ್ಲಿ ದೀಪವಾರಿಸದೆ ಕೂರುವುದು, ಕಾಗದಪತ್ರಗಳ ಚೀಲವನ್ನು ತಲೆದಿಂಬಿನಡಿ ಇಟ್ಟುಕೊಳ್ಳುವುದು, ಮಕ್ಕಳು ಒಬ್ಬರೇ ಮಲಗಲು ಒಲ್ಲದಿರುವುದು, ವಿನಾಕಾರಣ ಸಿಡುಕು, ತಲೆನೋವು, ಹೊಟ್ಟೆನೋವು, ಕುಡಿತದ ಹೆಚ್ಚಳ, ಇವೆಲ್ಲ ಇಂತಹ ದುರಂತಗಳ ಬೆನ್ನಿಗೆ ಎಲ್ಲೆಡೆಯೂ ಕಾಣುವ ಲಕ್ಷಣಗಳು. ಅವು ಒಂದು ತಿಂಗಳು ಕಳೆದರೂ ಬಿಡದೆ ಬಾಳನ್ನು ಕೆಡಿಸಿದರೆ ಅದನ್ನು ವೈದ್ಯರು ಆಘಾತೋತ್ತರ ಬೇನೆಯೆಂದು ಗುರುತಿಸುತ್ತಾರೆ. ಎಲ್ಲರಿಗೂ ಹಾಗಾಗುವುದಿಲ್ಲವೆಂಬುದನ್ನು ಹೇಳಲೇಬೇಕು. ಹೆಚ್ಚಿನವರು ನೆರೆಹೊರೆ, ಬಂಧುಬಳಗ, ದುಡಿಮೆಗಳ ಆಸರೆಯಿಂದ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ.

ಆದರೆ ಚೇತರಿಸಿಕೊಳ್ಳಲು ಬಿಡುವು ಬೇಕು. 2019ರ ಆಗಸ್ಟಿನಲ್ಲಿ ವಿರಾಜಪೇಟೆ ಕಡೆಯ ತೋರ ಗ್ರಾಮದಲ್ಲಿ ಬೆಟ್ಟ ಕುಸಿಯಿತು. ಅದೇ ವರ್ಷ ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯ ಮೊದಲಾದ ಹೊಳೆದಂಡೆಯ ಊರುಗಳ ಮನೆಗಳು ನೀರುಪಾಲಾದವು. 2020ರ ಆಗಸ್ಟ್ 6ರ ಹೊತ್ತಿಗೆ ತಲಕಾವೇರಿಯಲ್ಲಿ ಗಜಗಿರಿ ಬೆಟ್ಟದ ಪಕ್ಕೆ ಕುಸಿದು ಅರ್ಚಕರ ಮನೆಯನ್ನೇ ಹೊತ್ತೊಯ್ದಿತು. ಮೂರು ವರ್ಷ, ಮೂರು ಆಗಸ್ಟ್. ಮೊದಲ ಗಾಯಕ್ಕೆ ಹೊಪ್ಪಳೆ ಕಟ್ಟುವ ಮೊದಲೇ ಎರಡನೆಯ ಪೆಟ್ಟು. ವಾಯುಗುಣದ ಬದಲಾವಣೆ ಮನಸ್ಸಿನ ಮಟ್ಟಿಗೆ ತಂದಿಟ್ಟ ಹೊಸ ಸಂಗತಿ ಇದೇ ಇರಬೇಕು. ದುರಂತ ಎಂದೂ ಇತ್ತು. ಈಗ ಅದು ಪಂಚಾಂಗದೊಳಗೆ ಬಂದು ಕುಳಿತಿದೆ.

ಮನೆಯಲ್ಲಿದ್ದೇ ಮನೆಯ ಹಂಬಲ

ತವರನ್ನು ಬಿಟ್ಟು ಬಂದವಳ ಹಂಬಲವನ್ನು ಹೇಳಲು ಕನ್ನಡದಲ್ಲಿ ಮಾತುಗಳಿಗೆ ಬರವಿಲ್ಲ. ನಮ್ಮ ಜನಪದ ಗೀತೆಗಳಲ್ಲಿ ಅರ್ಧಪಾಲು ಅದೇ ಆಗಿದೆ. ಆದರೆ ಊರು ಬಿಡದೆ, ಮನೆಯಲ್ಲಿ ಕುಳಿತೇ, ಆ ಊರು ತನ್ನ ಕಣ್ಣೆದುರಿಗೆ ಬೇರೆಯಾಗಿಹೋದುದಕ್ಕೆ ಪಡುವ ದುಃಖಕ್ಕೆ ಹೆಸರಿಲ್ಲ. ಆಸ್ಟ್ರೇಲಿಯದ ತತ್ತ್ವಶಾಸ್ತ್ರಜ್ಞ ಗ್ಲೆನ್ ಆಲ್‌ಬ್ರೆಕ್ಟ್ ಅವರು ನ್ಯೂ ಸೌತ್ ವೇಲ್ಸಿನ ಹಂಟರ್ ಕಣಿವೆಯಲ್ಲಿ ಕಲ್ಲಿದ್ದಲಿನ ತೆರೆದ ಗಣಿಗಳು ಊರೂರನ್ನೇ ಅಗೆದುಹಾಕುತ್ತಿದ್ದಾಗ, ಅಲ್ಲಿಯ ಜನರ ಸಂಕಟವನ್ನು ಕಂಡು 2003ರಲ್ಲಿ ಇದಕ್ಕೊಂದು ಹೆಸರು ಕಟ್ಟಿದರು. ಸಾಂತ್ವನವೆಂಬರ್ಥದ ಲ್ಯಾಟಿನ್ ಪದಕ್ಕೆ ನೋವೆಂಬರ್ಥದ ಗ್ರೀಕ್ ಪ್ರತ್ಯಯವನ್ನು ಹಚ್ಚಿ ಸೊಲಾಸ್ಟಾಲ್ಜಿಯ ಎಂದರು. ಕನ್ನಡಕ್ಕೆ ಇದನ್ನು ಹೇಗೆ ತರಬೇಕೆಂದು ಪಂಡಿತರು ಚರ್ಚಿಸಲಿ. ಅನುಭವವಂತೂ ಕನ್ನಡ ನಾಡಿಗೆ ಆಗಲೇ ಬಂದಿದೆ.

ಕೊಡಗಿನಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಗದ್ದೆಯ ಮೇಲಣ ದಿಣ್ಣೆಯಲ್ಲಿ, ತೋಟದ ನಡುವೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಒಂದೊಂದು ಮನೆ. ಕುಲದ ಮೂಲವಾದ ಐನ್‌ಮನೆ, ಪಿತೃಗಳಿಗೆ ಮುಡಿಪಾದ ಕೈಮಡ, ಕೊಡಲಿ ತಾಗದ ದೇವರಕಾಡು ಇವೆಲ್ಲವೂ ಒಂದು ನಿರ್ದಿಷ್ಟ ನೆಲಕ್ಕೆ ಕಟ್ಟುಬಿದ್ದವು. ಸರ್ಕಾರವು ಕರ್ಣಂಗೇರಿ, ಮದೆನಾಡು, ಜಂಬೂರು ಮುಂತಾದ ಕಡೆ ಸಂತ್ರಸ್ತರಿಗಾಗಿ ಪಕ್ಕಾ ಮನೆಗಳನ್ನು ಕಟ್ಟಿ 2020ರಿಂದ ಹಂಚಿತು. ಸುಭದ್ರವಾದ ನೆಲ, ಸಿಮೆಂಟಿನ ತಾರಸಿ, ನಲ್ಲಿಯ ನೀರು. ಇದು ಸಣ್ಣ ಕೆಲಸವಲ್ಲ, ಅದನ್ನು ಹಗುರವಾಗಿ ಆಡುವುದು ಸಲ್ಲದು. ಆದರೂ ಎಕರೆಗಟ್ಟಲೆ ತೋಟದ ನಡುವೆ ಬಾಳಿದವನು ಸಾಲುಮನೆಯ ಜಗುಲಿಯಲ್ಲಿ ಬೆಳಗ್ಗೆ ಕಣ್ಣುಜ್ಜಿ ಎದ್ದಾಗ ಅವನ ಕೈಗೆ ಕೆಲಸವಿಲ್ಲ. ಕತ್ತಿ ಹಿಡಿದು ಹೊರಡಲು ಗಿಡಗಳಿಲ್ಲ. ಹಿತ್ತಿಲಿನಿಂದ ಸೊಪ್ಪು ಕಿತ್ತು ತರುತ್ತಿದ್ದ ಗೃಹಿಣಿ ಸೊಪ್ಪಿನ ಕಟ್ಟಿಗೆ ಚಿಲ್ಲರೆ ಎಣಿಸುತ್ತಾಳೆ. ಲೈನ್ ಮನೆಯ ಕೂಲಿಯ ಪಾಡು ಇನ್ನೊಂದು ಬಗೆ. ತೋಟದೊಡೆಯನಿಗೆ ಕಳೆದುಕೊಂಡ ನೆಲದ ದಾಖಲೆಯಾದರೂ ಇದೆ. ಕೂಲಿಗೆ ಕಳೆದುಹೋದ ಕೆಲಸದ ದಾಖಲೆ ಎಲ್ಲಿಂದ ಬರಬೇಕು? ಅವನ ದುಃಖ ಅರ್ಜಿಯ ರೂಪಕ್ಕೂ ಬಾರದೆ ಉಳಿಯುತ್ತದೆ.

ದೇಹ ದೊರೆಯದ ಸಾವು ಇವೆಲ್ಲಕ್ಕಿಂತ ಕ್ರೂರವಾದುದು. ತೋರದಲ್ಲೂ ತಲಕಾವೇರಿಯಲ್ಲೂ ಮಣ್ಣಿನಡಿ ಸಿಲುಕಿದವರೆಲ್ಲರ ದೇಹಗಳು ಕೈಗೆ ಸಿಗಲಿಲ್ಲ. ವಯನಾಡಿನಲ್ಲಿ ಗುರುತು ಹತ್ತದ ದೇಹಗಳನ್ನೂ ದೇಹಭಾಗಗಳನ್ನೂ ಪುತ್ತುಮಲದ ನೆಲದಲ್ಲಿ ಸರ್ವಧರ್ಮ ಪ್ರಾರ್ಥನೆಯೊಡನೆ ಹೂಳಿ, ಹೆಸರಿನ ಬದಲು ಅಂಕಿಗಳನ್ನು ನೆಟ್ಟರು. ಆ ಪುತ್ತುಮಲವಾದರೂ 2019ರಲ್ಲಿ ತಾನೇ ಕುಸಿದು 17 ಜನರನ್ನು ಕಳೆದುಕೊಂಡ ಊರು. ವಯನಾಡಿನಲ್ಲಿ ಮಡಿದವರಲ್ಲಿ ಹೊಟ್ಟೆಪಾಡಿಗಾಗಿ ಅಲ್ಲಿ ನೆಲೆಸಿದ್ದ ಮಂಡ್ಯ, ಚಾಮರಾಜನಗರ ಜಿಲ್ಲೆಗಳ ಮೂಲದವರೂ ಇದ್ದರು. ಹೆಣ ಕಾಣದವರ ಮನೆಯಲ್ಲಿ ಉತ್ತರಕ್ರಿಯೆ ಮಾಡಿದರೆ ಬದುಕಿರುವವನನ್ನು ಕೊಂದಂತೆ, ಮಾಡದಿದ್ದರೆ ಸತ್ತವನನ್ನು ಅಲೆಯಲು ಬಿಟ್ಟಂತೆ. ಅಮೆರಿಕದ ವಿದ್ವಾಂಸೆ ಪಾಲಿನ್ ಬಾಸ್ ಇಂತಹ ತೀರದ ಶೋಕವನ್ನೇ ಜೀವಮಾನವಿಡೀ ಅಭ್ಯಾಸ ಮಾಡಿದವರು. ಇದಕ್ಕೆ ಮುಕ್ತಾಯವನ್ನು ಹುಡುಕಬಾರದು, ಇದರೊಡನೆ ಬಾಳುವುದನ್ನು ಕಲಿಸಬೇಕು ಎಂಬುದು ಅವರ ಅಭಿಪ್ರಾಯ.

ಸದ್ದಿಲ್ಲದ ಬರ

ಬೆಟ್ಟ ಬಿದ್ದರೆ ಸದ್ದಾಗುತ್ತದೆ, ಬರ ಬಿದ್ದರೆ ಆಗುವುದಿಲ್ಲ. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಕ್ಷಾಮವನ್ನು ಮೈಸೂರು ಸೀಮೆಯ ಮುದುಕಿಯರು ತಲೆಮಾರುಗಳ ಕಾಲ ಹೆಸರು ಹಿಡಿದೇ ಶಪಿಸುತ್ತಿದ್ದರು. ಅಂತಹ ಹಸಿವು ಈಗ ಇಲ್ಲ. ಆದರೆ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದಾಗ, ಬಿತ್ತಿದ ಬೀಜಕ್ಕೂ ತೆಗೆದ ಸಾಲಕ್ಕೂ ನಡುವೆ ಸಿಲುಕಿದ ರೈತ ಆಕಾಶ ನೋಡುತ್ತ ಕಳೆದ ರಾತ್ರಿಗಳಿಗೆ ಯಾವ ಘೋಷಣೆಯೂ ಇರಲಿಲ್ಲ.

ಬರ್ಕಲಿಯ ಸಂಶೋಧಕಿ ತಮ್ಮಾ ಕಾರ್ಲ್‌ಟನ್ 2017ರಲ್ಲಿ ಭಾರತದ ಹಲವು ದಶಕಗಳ ಅಂಕಿಗಳನ್ನು ಹವಾಮಾನದೊಡನೆ ಹೋಲಿಸಿ ಪ್ರಕಟಿಸಿದ ಲೇಖನ ಈ ವಿಚಾರದಲ್ಲಿ ಬಹುಮುಖ್ಯವಾದುದು. ಬೆಳೆ ಬೆಳೆಯುವ ಕಾಲದಲ್ಲಿ ತಾಪ ಏರಿದರೆ ದೇಶದಲ್ಲಿ ಆತ್ಮಹತ್ಯೆಗಳು ಏರುತ್ತವೆ; ಹಿಂದಿನ 30 ವರ್ಷಗಳಲ್ಲಿ ಸುಮಾರು 59,300 ಸಾವುಗಳಿಗೆ ಹೀಗೆ ಏರಿದ ತಾಪದ ನಂಟಿದೆಯೆಂದು ಆಕೆ ಅಂದಾಜು ಮಾಡಿದರು. ಅಂಕಿಗಿಂತಲೂ ಅದರ ಇನ್ನೊಂದು ಮುಖ ಗಮನಾರ್ಹ. ಬೆಳೆಯಿಲ್ಲದ ಕಾಲದ ಬಿಸಿಲಿಗೆ ಈ ಪರಿಣಾಮವಿಲ್ಲ. ಅಂದರೆ ಬಿಸಿಲು ನೇರವಾಗಿ ತಲೆಗೇರುತ್ತಿಲ್ಲ. ಹೊಲದ ಮೂಲಕ, ಸಾಲದ ಮೂಲಕ, ಮಾನದ ಮೂಲಕ ಒಳಗಿಳಿಯುತ್ತಿದೆ. ಇಂತಹ ಸಾವುಗಳಿಗೆ ಒಂದೇ ಕಾರಣವೆಂದು ಹೇಳುವುದು ಎಂದಿಗೂ ಸರಿಯಲ್ಲ. ಆದರೆ ನೆಲದ ಸಂಕಟ ಮನಸ್ಸಿಗೆ ಹರಿಯುವ ಕಾಲುವೆ ಎಲ್ಲಿದೆಯೆಂಬುದು ತಿಳಿದರೆ ಅದನ್ನು ಕಟ್ಟುವ ಜಾಗವೂ ತಿಳಿಯುತ್ತದೆ. ಬೆಳೆವಿಮೆಯ ಹಣ ಸಕಾಲಕ್ಕೆ ಕೈಸೇರುವುದೂ ಒಂದು ಬಗೆಯ ಮನೋಚಿಕಿತ್ಸೆಯೇ.

ಈಗಾಗಲೇ ಮನೋರೋಗಕ್ಕೆ ಮದ್ದು ತೆಗೆದುಕೊಳ್ಳುತ್ತಿರುವವರಿಗೆ ಬಿಸಿಲಿನ ಅಪಾಯ ಬೇರೆಯೇ ಇದೆ. ಕೆಲವು ಮದ್ದುಗಳು ಬೆವರುವುದನ್ನು ತಗ್ಗಿಸಿ ಮೈ ತಣಿಯದಂತೆ ಮಾಡುತ್ತವೆ. ಮೈಯ ನೀರು ಆರಿದರೆ ಲಿಥಿಯಂ ರಕ್ತದಲ್ಲಿ ಹೆಚ್ಚಾಗಿ ವಿಷವಾಗಬಲ್ಲದು. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಇಂತಹವರಿರುವ ಮನೆಗಳು ವೈದ್ಯರನ್ನು ಕೇಳಿ ತಿಳಿದಿರಬೇಕಾದ ವಿಷಯವಿದು. ಕೇಳದೆ ಮದ್ದು ನಿಲ್ಲಿಸುವುದಂತೂ ಕೂಡದು.

ಕೇಳುವ ಕಿವಿ

ದುರಂತಕ್ಕೆ ಸಿಕ್ಕವರ ಮನಸ್ಸಿಗೆ ಮದ್ದು ಹುಡುಕುವ ಕೆಲಸದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ದೀರ್ಘ ಅನುಭವವಿದೆ. 1984ರ ಭೋಪಾಲದ ವಿಷಾನಿಲ ದುರಂತ, 1999ರ ಒರಿಸ್ಸಾದ ಚಂಡಮಾರುತ, 2001ರ ಗುಜರಾತಿನ ಭೂಕಂಪ, 2004ರ ಸುನಾಮಿ, ಎಲ್ಲೆಡೆಯೂ ಅದರ ವೈದ್ಯರು ಹೋಗಿ ಬಂದರು. ಅವರು ಕಲಿತ ಪಾಠ ಸರಳವಾದದ್ದು. ಇಷ್ಟು ಜನರಿಗೆ ಸಾಲುವಷ್ಟು ಮನೋವೈದ್ಯರು ಈ ದೇಶದಲ್ಲಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬಹುತೇಕ ಮನೋರೋಗಗಳಲ್ಲಿ ನೂರಕ್ಕೆ 70 ಮಂದಿಗೂ ಹೆಚ್ಚು ಜನ ಚಿಕಿತ್ಸೆಯಿಲ್ಲದೆಯೇ ಇದ್ದಾರೆ. ಆದುದರಿಂದ ಊರಿನ ಸಾಮಾನ್ಯ ವೈದ್ಯರಿಗೂ ಶಿಕ್ಷಕರಿಗೂ ಅಂಗನವಾಡಿಯವರಿಗೂ ಈ ವಿದ್ಯೆಯ ಅಷ್ಟಿಷ್ಟನ್ನು ಕಲಿಸಬೇಕು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇದೇ ಸಂಸ್ಥೆ ಆರಂಭಿಸಿದ ಪ್ರಯೋಗ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮನೋರೋಗಕ್ಕೆ ಮದ್ದು ಕೊಡಬಹುದೆಂದು ತೋರಿಸಿ ದೇಶಕ್ಕೇ ಮಾದರಿಯಾಯಿತು.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. ನಡೆದದ್ದನ್ನೆಲ್ಲ ಒಡನೆಯೇ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆಂದು ಹಿಂದೊಮ್ಮೆ ನಂಬಿದ್ದರು. ಒತ್ತಾಯಿಸಿ ಹೇಳಿಸುವುದರಿಂದ ಉಪಯೋಗವಿಲ್ಲ, ಕೆಲವರಿಗೆ ಕೇಡೂ ಆದೀತು ಎಂಬುದು ಈಗಿನ ತಿಳಿವಳಿಕೆ. ಕ್ಯಾಮರಾ ಹಿಡಿದು ಸಂತ್ರಸ್ತರ ಕೇಂದ್ರಗಳಿಗೆ ನುಗ್ಗುವವರು ಇದನ್ನು ಮೊದಲು ತಿಳಿಯಬೇಕು. ಬಳಲಿದವನಿಗೆ ಬೇಕಾದದ್ದು ಬಿಸಿನೀರು, ಒಣಗಿದ ಹಾಸಿಗೆ, ತನ್ನವರ ಸುದ್ದಿ. ಮಾತನಾಡಬೇಕೆನಿಸಿದಾಗ ತಡೆಯದೆ ಕೇಳುವ ಒಬ್ಬರು. ಮಕ್ಕಳಿಗೆ ಶಾಲೆಯ ಗಂಟೆ ಬೇಗ ಬಾರಿಸಬೇಕು. ಹಿರಿಯರಿಗೆ, ಸರಳವಾಗಿಯಾದರೂ ಸರಿ, ಹಬ್ಬ ನಡೆಯಬೇಕು. 2018ರಲ್ಲಿ ಕೊಡಗಿನ ಎಷ್ಟೋ ಕಡೆ ಕೈಲ್‌ಪೊಳ್ದ್ ಹಬ್ಬವನ್ನು ಸಡಗರವಿಲ್ಲದೆ ಮುಗಿಸಿದರು. ಆದರೆ ಬಿಡಲಿಲ್ಲ.

ಇಂದು 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಶುಲ್ಕವಿಲ್ಲದೆ ಕರೆಮಾಡಿ ಮನಸ್ಸಿನ ಕಷ್ಟವನ್ನು ಕನ್ನಡದಲ್ಲಿಯೇ ಹೇಳಿಕೊಳ್ಳಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸೇವೆಗೆ ನಿಮ್ಹಾನ್ಸ್ ಆಧಾರಕೇಂದ್ರ. ಇನ್ನೊಂದೆಡೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾವಾಗಿಯೇ ಸುದ್ದಿ ಕಳುಹಿಸುವ ಮಳೆಮಾಪಕಗಳನ್ನು ನಿಲ್ಲಿಸಿದೆ. ಇವೆರಡೂ ಬೇರೆ ಬೇರೆ ಇಲಾಖೆಗಳ ಕೆಲಸವೆಂದು ತೋರಬಹುದು. ಹಾಗಲ್ಲ. ಅಪಾಯ ಬಂದರೆ ಎಚ್ಚರಿಸುವವರಿದ್ದಾರೆಂಬ ನೆಚ್ಚಿಕೆ ಇದ್ದವನು ಮಾತ್ರ ಮಳೆಯ ರಾತ್ರಿ ಕಣ್ಣು ಮುಚ್ಚಬಲ್ಲ. ಇಡೀ ಜಿಲ್ಲೆಗೆ ಒಂದೇ ಕೆಂಪು ಎಚ್ಚರಿಕೆ ಕೊಟ್ಟು ಶಾಲೆಗೆ ರಜೆ ಸಾರಿದರೆ ಹೆದರಿಕೆ ಹೆಚ್ಚುತ್ತದೆಯೇ ಹೊರತು ನೆಚ್ಚಿಕೆ ಹುಟ್ಟುವುದಿಲ್ಲ. ಯಾವ ಗುಡ್ಡ, ಯಾವ ಹೊತ್ತಿಗೆ, ಹೋಗಬೇಕಾದ ಜಾಗ ಯಾವುದು, ಅಲ್ಲಿಗೆ ದನಕರುಗಳನ್ನು ಹೊಡೆದುಕೊಂಡು ಹೋಗಬಹುದೇ ಎಂಬುದನ್ನು ಊರೂರಿಗೂ ಹೇಳುವಂತಾಗಬೇಕು.

ಹೇಳುವವರೂ ಆ ಊರಿನವರಾಗಿದ್ದರೆ ಲೇಸು. ಮಡಿಕೇರಿಯ ಸುತ್ತಣ ಹಳ್ಳಿಗಳಲ್ಲಿ ಅಳು ಕೊಡವ ತಕ್ಕಿನಲ್ಲಿ, ಅರೆಭಾಷೆಯಲ್ಲಿ, ತುಳುವಿನಲ್ಲಿ, ಮಲೆಯಾಳದಲ್ಲಿ, ಯರವರ ನುಡಿಯಲ್ಲಿ ಬರುತ್ತದೆ. ಕಚೇರಿಯ ಕನ್ನಡದಲ್ಲಿ ಬರುವುದಿಲ್ಲ. ಆ ನುಡಿಗಳನ್ನು ಬಲ್ಲ ಆಶಾ ಕಾರ್ಯಕರ್ತೆ ಪ್ರತಿ ಊರಿಗೂ ಇದ್ದಾಳೆ. ಬಾಣಂತಿಯರ, ಕೂಸುಗಳ ವಿಚಾರಣೆಗೆಂದು ಮನೆಮನೆಯ ಮೆಟ್ಟಿಲು ಹತ್ತುವ ಆಕೆಗೆ, ಮಳೆ ಹಿಡಿದ ರಾತ್ರಿ ಯಾರ ಮನೆಯ ದೀಪ ಬೆಳಗಿನವರೆಗೂ ಉರಿಯುತ್ತದೆಂಬುದು ತಿಳಿದಿರುತ್ತದೆ. ಮುಂದಿನ ಕಕ್ಕಡಕ್ಕೆ ಮೊದಲು ನಾಲ್ಕು ದಿನದ ಶಿಕ್ಷಣವನ್ನೂ, ಅದಕ್ಕೆ ತಕ್ಕ ಗೌರವಧನವನ್ನೂ ಮೊದಲು ಕೊಡಬೇಕಾದದ್ದು ಆಕೆಗೆ.